ಬಣ್ಣದ ಮದ್ದು ಮತ್ತು ನಮ್ಮ ಕೆಮಿಸ್ಟ್ರಿ ಮೇಡಂ

ಈ ದೀಪಾವಳಿಗೆ ಮಗಳು ಬಣ್ಣದ ಬೆಂಕಿಕಡ್ಡಿಯೊಂದನ್ನು ಗೀರಿದಳು. ಹಸಿರು ಬೆಳಕು ಬೇಗ ಆರಿಹೋಯಿತು; ಗಂಟಲು ಹಿಡಿಯುವ ಹೊಗೆಯ ವಾಸನೆ ಮಾತ್ರ ಅಂಗಳದಲ್ಲಿ ಉಳಿಯಿತು. ಲಿಂಗಸುಗೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಕೆಮಿಸ್ಟ್ರಿ ಮೇಡಂ ನೆನಪಾದರು...

ಹಬ್ಬದ ಸಂಜೆ ಅವರು ನಮ್ಮ ಕಟ್ಟೆಯ ಮೇಲೆ ಕುಳಿತು, ಪಟಾಕಿಯ ಒಂದೊಂದು ಬಣ್ಣಕ್ಕೂ ಹೆಸರು ಹೇಳುತ್ತಿದ್ದರು. ಕೆಂಪು ಸ್ಟ್ರಾನ್ಷಿಯಂ, ಹಸಿರು ಬೇರಿಯಂ. ನೀಲಿ ತಾಮ್ರದ್ದು, ಕಾವು ಸ್ವಲ್ಪ ಹೆಚ್ಚಾದರೂ ಆ ಬಣ್ಣ ಸತ್ತುಹೋಗುತ್ತದೆ ಎನ್ನುತ್ತಿದ್ದರು. "ಚಲೋ ನೀಲಿ ನೋಡಿ ಭಾಳ ವರ್ಷ ಆತು" ಎಂದು ಒಮ್ಮೆ ಅಂದದ್ದು ನನ್ನ ಅಕ್ಕನ ಮನಸ್ಸಿನಲ್ಲಿ ಕೂತುಬಿಟ್ಟಿತು.

ಅಕ್ಕ ಆಗ ಹತ್ತನೆಯ ತರಗತಿಯಲ್ಲಿದ್ದಳು. ಮರುದಿನ ಬೆಳಿಗ್ಗೆ ಸಿಡಿಯದೆ ಉಳಿದ ಪಟಾಕಿಗಳ ಮದ್ದು ಬಿಡಿಸಿ, ಅಪ್ಪ ಹೊಲಕ್ಕೆಂದು ತಂದಿಟ್ಟಿದ್ದ ತಾಮ್ರದ ಲವಣ ಮೈಲುತುತ್ತ ಸೇರಿಸಿ, ಹಿತ್ತಲಲ್ಲಿ ಕಲ್ಲಿನಿಂದ ಕುಟ್ಟಲು ಕೂತಳು. ಮೇಡಂಗೆ ನೀಲಿ ತೋರಿಸಬೇಕಿತ್ತು. ಬಟ್ಟೆ ಒಣಹಾಕಲು ಬಂದ ಮೇಡಂ ಗೋಡೆಯಾಚೆಯಿಂದ ಅದನ್ನು ಕಂಡರು. ಕೂಗಲಿಲ್ಲ.

"ಕಲ್ಲು ಬಾಜೂಕ ಇಡವ್ವಾ. ಎದ್ದು ಸಾವಕಾಶ ನನ್ನ ಕಡೆ ಬಾ."

ಅಕ್ಕ ಎದ್ದು ಬಂದಳು. ಮೇಡಂ ನಮ್ಮನ್ನೆಲ್ಲ ದೂರ ನಿಲ್ಲಿಸಿ ಆ ಪುಡಿಯ ಮೇಲೆ ನೀರು ಸುರಿದರು. ಬೇರಿಯಂ ಹೊಟ್ಟೆಗೆ ಹೋದರೆ ವಿಷ ಎನ್ನುತ್ತ ಅಕ್ಕನ ಕೈಗೆ ತಾವೇ ಸೋಪು ಹಚ್ಚಿ ತೊಳೆದರು. ಅಂಥ ಪುಡಿಗೆ ಬೆಂಕಿಯೇ ಬೇಕಿಲ್ಲ, ತಿಕ್ಕಿದರೂ ಹೊತ್ತಿಕೊಳ್ಳುತ್ತದೆ ಎಂದು ನನಗೆ ತಿಳಿದದ್ದು ಆಮೇಲೆ.

ಅಪ್ಪ ಕೆಂಡವಾದರು. "ಪಿಯುಸಿಗೆ ಈಕಿಗೆ ಸೈನ್ಸ್ ಬ್ಯಾಡ ಮೇಡಂ. ಕಣ್ಣು ಹೋಗಿದ್ರ ಏನ್ ಮಾಡ್ಬೇಕಿತ್ತರೀ?"

"ತಪ್ಪು ಆಕೀದಲ್ಲರೀ ಅಣ್ಣಾರ. ಬಣ್ಣದ ಮಾತು ಹೇಳಿದೆ, ಅಪಾಯದ ಮಾತು ಹೇಳಲಿಲ್ಲ. ಅರ್ಧ ಕಲಿಸಿದಾಕಿ ನಾನು. ಉಳಿದರ್ಧ ಕಲಿಸಾಕ ಬಿಡ್ರಿ."

ಅಪ್ಪ ಒಪ್ಪಲು ಬಹಳ ಕಾಲ ಹಿಡಿಯಿತು. ಮೇಡಂ ಪಾಠ ಮಾಡುತ್ತಿದ್ದ ಕಾಲೇಜನ್ನೇ ಅಕ್ಕ ಸೇರಿದ ಮೇಲೆ ಒಂದು ದಿನ ಅವರು ಅಪ್ಪನನ್ನೂ ಲ್ಯಾಬಿಗೆ ಕರೆದರು. ಕಿಟಕಿ ತೆರೆದು, ಅಕ್ಕನಿಗೆ ಕನ್ನಡಕ ಹಾಕಿಸಿ, ತಾಮ್ರದ ಲವಣ ಅಂಟಿದ ತಂತಿಯನ್ನು ಜ್ವಾಲೆಗೆ ಹಿಡಿಸಿದರು. ಹಸಿರಂಚಿನ ನೀಲಿ ಎದ್ದಿತು. ಬಾಗಿಲಲ್ಲೇ ನಿಂತಿದ್ದ ಅಪ್ಪ, "ಇನ್ನೊಮ್ಮೆ ತೋರಸ್ರಿ" ಎಂದರು.

ಈಗ ಅಕ್ಕ ಸಿಂಧನೂರಿನಲ್ಲಿ ಕೆಮಿಸ್ಟ್ರಿ ಲೆಕ್ಚರರ್. ನಿವೃತ್ತರಾಗಿ ಮಸ್ಕಿಯಲ್ಲಿ ತಮ್ಮನ ಮನೆಯಲ್ಲಿದ್ದ ಮೇಡಂ ಹೋದ ಚಳಿಗಾಲದಲ್ಲಿ ತೀರಿಕೊಂಡರು. ಅಕ್ಕ ಮಣ್ಣು ಕೊಡಲು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕೊನೆಯ ಸಲ ಮುಖ ನೋಡಲು ಸಿಗಲಿಲ್ಲ.

ಈ ಹಬ್ಬ ಕಳೆದ ಮೇಲೆ ಅಕ್ಕನ ಜೊತೆ ಫೋನಿನಲ್ಲಿ ಆ ಮಾತು ಬಂತು. ಅಕ್ಕ ಹೇಳಿದಳು:

"ಸುದ್ದಿ ಬಂದಾಗ ಪ್ರಾಕ್ಟಿಕಲ್ ನಡದಿತ್ತು. ಹುಡುಗ್ರನ್ನ ಬೆಂಕಿ ಮುಂದ ಬಿಟ್ಟು ಹ್ಯಾಂಗ ಬರ್ಲಿ? ಹಂಗ ಬಂದಿದ್ರ ಮೇಡಂ ಬೈತಿದ್ರು."