ಮೂಲೆಯ ಕೀಗೆ ಹಚ್ಚಿದ ಗಂಧ

ಸತ್ತ ಹುಡುಗಿ ವಾಪಸು ಬಂದಿರಲಿಲ್ಲ. ನಾನು ಹಚ್ಚಿದ ಗಂಧ ಒಣಗಿ ಕೀಬೋರ್ಡಿನ ಒಂದು ಕೀ ಕಚ್ಚಿಕೊಂಡಿತ್ತು. ನಡೆದದ್ದು ಇಷ್ಟೇ.

ಚಾಮರಾಜಪುರಂನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಸೊಸೆ ಕಂಪ್ಯೂಟರ್ ಕ್ಲಾಸು ನಡೆಸುತ್ತಾಳೆ. ನಾಲ್ಕು ಕಂಪ್ಯೂಟರು, ಹತ್ತು ಹನ್ನೆರಡು ಹುಡುಗಿಯರು. ನಾನು ಓದಿದ್ದು ಮೂರನೇ ಕ್ಲಾಸು. ಆದರೆ ಗೋಡೆಯಾಚೆ ಸೊಪ್ಪು ಬಿಡಿಸುತ್ತಾ ಕೇಳಿ ಕೇಳಿ ಪಾಠವೆಲ್ಲ ಬಾಯಿಗೆ ಬಂದುಬಿಟ್ಟಿದೆ. ಮೂಲೆಯ ಕಂಟ್ರೋಲ್ ಕೀ ಒತ್ತಿ ಹಿಡಿದು ಸಿ ಒತ್ತಿದರೆ ಬರೆದದ್ದು ನಕಲಾಗುತ್ತದೆ. ಹಾಗೇ ಹಿಡಿದು ವಿ ಒತ್ತಿದರೆ ನಕಲಾದದ್ದು ಬಂದು ಕೂರುತ್ತದೆ. ಹುಡುಗಿಯರು ಮೌಸು ಮುಟ್ಟಿದರೆ ಸೊಸೆ ಗದರುತ್ತಾಳೆ.

ಕಿಟಕಿ ಪಕ್ಕದ ಕಂಪ್ಯೂಟರಿನಲ್ಲಿ ಕಲಿಯುತ್ತಿದ್ದ ಹುಡುಗಿ ಮಳೆಗಾಲದಲ್ಲಿ ಡೆಂಗ್ಯೂ ಬಂದು ತೀರಿಕೊಂಡಳು. ಆಮೇಲೆ ಅಲ್ಲಿ ಯಾರೂ ಕೂರಲೊಲ್ಲರು. ಆಯುಧಪೂಜೆಯ ದಿನ ಸೊಸೆ, "ಅತ್ತೆ, ಸ್ಕ್ರೀನಿಗೆ ಒಂದು ಬೊಟ್ಟು ಸಾಕು, ಕೀಬೋರ್ಡ್ ತಂಟೆಗೆ ಹೋಗ್ಬೇಡಿ" ಅಂದಳು. ನಾನು ಕೇಳಲಿಲ್ಲ. ಹೊಸ ಪುಸ್ತಕಕ್ಕೆ ಅರಿಶಿನ ಹಚ್ಚುವ ಹಾಗೆ ಎಲ್ಲ ಕೀಬೋರ್ಡಿನ ನಾಲ್ಕು ಮೂಲೆಗೂ ಗಂಧ ಇಟ್ಟೆ. ಕಿಟಕಿ ಪಕ್ಕದ್ದಕ್ಕೆ ಒಂದು ಕೈ ಹೆಚ್ಚೇ ಇಟ್ಟೆ. ಮಾರನೆಯ ದಿನ ಒದ್ದೆ ಬಟ್ಟೆಯಲ್ಲಿ ಒರೆಸಿದೆ.

ಕ್ಲಾಸು ಮತ್ತೆ ಶುರುವಾದ ದಿನ ಸೊಸೆ ಹಠ ಹಿಡಿದು ಆ ಕಂಪ್ಯೂಟರಿನಲ್ಲೇ ನಕಲಿನ ಪಾಠ ಮಾಡಿದಳು. ಅದರಲ್ಲಿದ್ದದ್ದು ಆ ಹುಡುಗಿ ಅಭ್ಯಾಸಕ್ಕೆ ಟೈಪ್ ಮಾಡಿಟ್ಟಿದ್ದ ಒಂದೇ ಸಾಲು: ಅಮ್ಮ ಆರು ಗಂಟೆಗೆ ಬರುತ್ತಾಳೆ. ಅದನ್ನೇ ನಕಲು ಮಾಡಿ ತೋರಿಸಿ, ಕಂಪ್ಯೂಟರ್ ಆರಿಸದೆ ಹುಡುಗಿಯರನ್ನು ಕಳಿಸಿದಳು.

ಆರು ಗಂಟೆಗೆ ಊದುಬತ್ತಿಯ ವಾಸನೆ ಬಂತು. ಮನೆಯಲ್ಲಿ ಯಾರೂ ಹಚ್ಚಿರಲಿಲ್ಲ. ಬಂದು ನೋಡಿದರೆ ಬಾಗಿಲಲ್ಲಿ ಆ ಹುಡುಗಿಯ ತಾಯಿ. ಊದುಬತ್ತಿ ಕಾರ್ಖಾನೆಯ ಕೆಲಸ ಮುಗಿಸಿ, ಮಗಳನ್ನು ಕರೆದೊಯ್ಯಲು ಬರುತ್ತಿದ್ದ ಹೊತ್ತಿಗೇ ಬಂದಿದ್ದಳು.

"ಅವ್ಳು ಕೂರ್ತಿದ್ದ ಜಾಗ ಒಸಿ ನೋಡ್ಕಂಡು ಓಗ್ತೀನಿ ಕಣ್ರಮ್ಮ" ಅಂದು ಕೂತಳು. ಅವಳಿಗೆ ಗೊತ್ತಿದ್ದ ಇಂಗ್ಲಿಷ್ ಅಕ್ಷರ ಒಂದೇ, ಮಗಳ ಹೆಸರಿನ ಮೊದಲನೆಯದು, ವಿ. ಅದನ್ನು ಹುಡುಕಿ ಒತ್ತಿದಳು.

ಅಮ್ಮ ಆರು ಗಂಟೆಗೆ ಬರುತ್ತಾಳೆ.

ಮತ್ತೆ ಒತ್ತಿದಳು. ಕೆಳಗೆ ಮತ್ತೆ ಅದೇ ಸಾಲು. ಸೊಸೆ ಲೈಟು ಹಾಕುವುದನ್ನೂ ಮರೆತು ನಿಂತಳು. ಸ್ಕ್ರೀನಿನ ಬೆಳಕಿನಲ್ಲಿ ತಾಯಿ ನಗುತ್ತಿದ್ದಳು. ಅಂಥ ನಗು ನಾನು ಇನ್ನೊಮ್ಮೆ ನೋಡಬಾರದು.

"ನೋಡ್ರಮ್ಮ, ಬರೀತಾವ್ಳೆ. ನನ್ನೇ ಕಾಯ್ತಾವ್ಳೆ."

"ಮಿಶಿನ್ನು ಕಣೇ ಅದು" ಅಂದೆ.

"ನಾನ್ ಬರೋ ಒತ್ತು ಮಿಶಿನ್ನಿಗೆ ಯಾರ್ ಯೋಳುದ್ರು?"

"ಮನೇಲಿ ನಿನ್ನ ಚಿಕ್ಕ ಮಗಳು ಒಬ್ಬಳೇ ಇದಾಳಲ್ಲೇ?" ಅಂದೆ.

"ಇರ್ತಾಳೆ ಬುಡಿ. ನಾಳೆಯಿಂದ ಕೆಲ್ಸಕ್ಕೆ ಓಗಲ್ಲ. ಇಲ್ಲೇ ಕೂತ್ಕತೀನಿ."

ಅವಳನ್ನು ಎಬ್ಬಿಸಿ ಕಳಿಸುವುದರಲ್ಲಿ ಸಾಕಾಯಿತು. ಹೋದ ಮೇಲೆ ಆ ಕೀಬೋರ್ಡಿನ ಮೇಲೆ ಬೆರಳಾಡಿಸಿದೆ. ಎಡಗಡೆ ಮೂಲೆಯ ಕಂಟ್ರೋಲ್ ಕೀ ಒಳಕ್ಕೆ ಹೋದದ್ದು ಮೇಲಕ್ಕೆ ಬಂದಿರಲಿಲ್ಲ. ಅದಕ್ಕೇ ಬರೀ ವಿ ಒತ್ತಿದರೂ ನಕಲಾದ ಸಾಲು ಬಂದು ಕೂತಿತ್ತು. ಸುತ್ತಲೂ ಒಣಗಿದ ಗಂಧ.

"ಹೇಳ್ಬೇಡಿ ಅತ್ತೆ. ಪಾಪ, ಅಷ್ಟಾದ್ರೂ ಸಮಾಧಾನ ಇರ್ಲಿ" ಅಂದಳು ಸೊಸೆ.

"ಇರೋ ಮಗು ಉಪವಾಸ ಬೀಳತ್ತಲ್ಲ, ಅದಕ್ಕೆ ಯಾರು ಸಮಾಧಾನ ಹೇಳ್ತಾರೆ? ನೀನಾ?" ಅಂದೆ.

ಬೆಳಿಗ್ಗೆ ಕಾಫಿಯನ್ನೂ ಕುಡಿಯದೆ ಕೀಬೋರ್ಡನ್ನು ತರಕಾರಿ ಚೀಲಕ್ಕೆ ಹಾಕಿಕೊಂಡು ಅವಳ ಮನೆಗೆ ಹೋದೆ. ಅವಳ ಕಣ್ಣೆದುರೇ ಪಿನ್ನಿನಿಂದ ಗಂಧ ಕೆರೆದೆ. ಕೀ ಟಕ್ ಅಂತ ಮೇಲೆದ್ದಿತು. "ಈ ಕೀ ಕಚ್ಕೊಂಡೇ ಆ ಸಾಲು ಬಂದದ್ದು, ಗಂಧ ಹಚ್ಚಿದ್ದು ನಾನು. ಬೈಯೋದಾದ್ರೆ ನನ್ನ ಬೈಯಿ, ಆಮೇಲೆ ಕೆಲಸಕ್ಕೆ ಹೊರಡು" ಅಂದೆ. ಬೈದಳು. ಅವಳು ಮುಗಿಸುವವರೆಗೂ ಚಿಕ್ಕವಳ ತಲೆ ಬಾಚಿ ಎರಡು ಜಡೆ ಹಾಕಿದೆ.