ಹನ್ನೊಂದನೆಯವಳು

ಸರಪಳಿ ಹಿಡಿದವನು ಕೂಗಬಾರದು. ಮಗಳ ಕಾಲೇಜಿನ ಮೈದಾನದಲ್ಲಿ ನನ್ನ ಕೈಗೆ ಕಿತ್ತಳೆ ಬಣ್ಣದ ಅಂಗಿ ಕೊಡುವಾಗ ರೆಫರಿ ಹೇಳಿದ್ದು ಇಷ್ಟೇ: ಇದು ಮೈಮೇಲಿರುವವರೆಗೆ ನೀವು ಯಾರ ಅಪ್ಪನೂ ಅಲ್ಲ.

ಇಲ್ಲಿ ಅಮೆರಿಕದವರ ಫುಟ್‌ಬಾಲ್‌ನಲ್ಲಿ ಮೊಟ್ಟೆಯಾಕಾರದ ಚೆಂಡನ್ನು ಹೆಚ್ಚಾಗಿ ಕೈಯಲ್ಲಿ ಹಿಡಿದೇ ಓಡುತ್ತಾರೆ. ನಾಲ್ಕು ಪ್ರಯತ್ನಗಳಲ್ಲಿ ಹತ್ತು ಗಜ ಮುಂದೆ ಹೋಗದಿದ್ದರೆ ಚೆಂಡು ಎದುರಾಳಿಯ ಪಾಲು. ಆ ಹತ್ತು ಗಜ ಅಳೆಯಲು ಎರಡು ಕೋಲು, ನಡುವೆ ಒಂದು ಸರಪಳಿ. ವಾರವಿಡೀ ಗಿಲ್‌ರಾಯ್‌ನಿಂದ ಸಾಂಟಾ ಕ್ಲಾರಾದ ಆಫೀಸಿಗೆ ಕಾರು ಓಡಿಸುವ ನಾನು ಶನಿವಾರ ಮುಂದಿನ ಕೋಲು ಹಿಡಿದು ನಿಲ್ಲುತ್ತಿದ್ದೆ.

ಹುಡುಗರ ತಂಡದಲ್ಲಿ ಮಗಳಿಗೆ ಚೆಂಡು ಒದೆಯುವ ಕೆಲಸ ಮಾತ್ರ. ಒದೆಯುತ್ತಾಳೆ, ಹೊರಗೆ ಬರುತ್ತಾಳೆ, ಯಾರೂ ಮೈಮೇಲೆ ಬೀಳುವುದಿಲ್ಲ. ಆ ಭರವಸೆಯ ಮೇಲೆಯೇ ನನ್ನ ಹೆಂಡತಿ ಒಪ್ಪಿದ್ದು.

ಅಕ್ಕಪಕ್ಕದ ಊರುಗಳ ಕಾಲೇಜುಗಳು ಸೇರಿಕೊಂಡ ಸಣ್ಣ ಲೀಗು ನಮ್ಮದು. ಆ ವರ್ಷ ನಮ್ಮ ತಂಡ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಗಾಯಗೊಂಡವರೇ ಹೆಚ್ಚಾಗಿ, ಒಮ್ಮೆ ಹನ್ನೊಂದು ಜನ ಸಿಗದೆ ಪಂದ್ಯ ಬಿಟ್ಟುಕೊಡಬೇಕಾಯಿತು. ಇನ್ನೊಮ್ಮೆ ಹೀಗಾದರೆ ತಂಡವನ್ನೇ ಮುಚ್ಚುತ್ತೇವೆ ಎಂದು ಕಾಲೇಜು ಹೇಳಿತು.

ಕೊನೆಯ ಪಂದ್ಯದಲ್ಲಿ, ಆಗಲೇ ಸೋಲು ಖಚಿತವಾಗಿದ್ದಾಗ, ನಮ್ಮ ಹುಡುಗನೊಬ್ಬ ನನ್ನ ಕಾಲ ಬಳಿಯೇ ಬಿದ್ದ. ಅವನ ಮಂಡಿ ತಿರುಚಿದ ಸದ್ದು ನನಗೆ ಕೇಳಿಸಿತು. ಇವತ್ತಿಗೂ ಕೇಳಿಸುತ್ತದೆ. ಅವನನ್ನು ಎತ್ತಿಕೊಂಡು ಹೋದ ಮೇಲೆ ಉಳಿದದ್ದು ಹತ್ತು ಹುಡುಗರು ಮತ್ತು ನನ್ನ ಮಗಳು.

"ಹತ್ತೇ ಜನ!" ನನ್ನ ಹಿಂದಿನ ಬೇಲಿಯಾಚೆಯಿಂದ ಎದುರಾಳಿಗಳ ಕಡೆಯ ಗಂಡಸೊಬ್ಬ ಕೂಗಿದ. "ಸಾಕು, ಮನೆಗೆ ಹೋಗ್ರೋ!"

ಕೋಚ್ ಮಗಳನ್ನು ನೋಡಿದರು. ಅವಳು ಆಗಲೇ ಹೆಲ್ಮೆಟ್‌ನ ಪಟ್ಟಿ ಬಿಗಿಯುತ್ತಿದ್ದಳು.

ಹೆಂಡತಿ ಗ್ಯಾಲರಿಯಿಂದ ಇಳಿದು, ಮೈದಾನ ಸುತ್ತಿ, ಎದುರಾಳಿಗಳ ಜನರ ನಡುವೆಯೇ ಬೇಲಿ ಹಿಡಿದು ನಿಂತಳು. "ಎಂತ ಮಾರಾಯ್ರೆ, ಅವಳನ್ನು ಒಳಗೆ ಹಾಕಿದ್ದಾರೆ! ನೀವು ಕಂಬದ ಹಾಗೆ ನಿಂತಿದ್ದೀರಲ್ಲ!"

ನಾನು ತಿರುಗಲಿಲ್ಲ. ಕೋಲನ್ನು ಎರಡೂ ಕೈಯಲ್ಲಿ ಹಿಡಿದೆ, ಸರಪಳಿ ಸಣ್ಣಗೆ ಸದ್ದು ಮಾಡಿತು.

ಎದುರಾಳಿಗಳ ನಾಲ್ಕನೆಯ ಪ್ರಯತ್ನ. ಚೆಂಡು ಹಿಡಿದ ದಢೂತಿ ಹುಡುಗ ನೇರ ಅವಳ ಕಡೆಗೇ ನುಗ್ಗಿದ. ಅವಳು ಪಕ್ಕಕ್ಕೆ ಸರಿಯಲಿಲ್ಲ. ತಲೆ ಒಂದು ಬದಿಗೆ ತಪ್ಪಿಸಿ ಅವನ ಕಾಲುಗಳನ್ನು ತಬ್ಬಿಕೊಂಡಳು. ಅವನು ಅವಳ ಮೇಲೆಯೇ ಬಿದ್ದ. ಅವನು ಎದ್ದ, ಅವಳು ಏಳಲಿಲ್ಲ.

ರೆಫರಿ ಸರಪಳಿ ತರಲು ಕೈಸನ್ನೆ ಮಾಡಿದರು. ನಾನು ಕೋಲು ಹಿಡಿದು ಅವಳು ಬಿದ್ದಲ್ಲಿಗೇ ನಡೆದೆ. ಅಂಚಿನಲ್ಲಿ ಗಾಯ ನೋಡುವ ಟ್ರೈನರ್ ಚೀಲ ಎತ್ತಿಕೊಂಡು ಕಾಯುತ್ತಿದ್ದರು. ಅವರು ಒಳಗೆ ಬಂದರೆ ಮಗಳು ಹೊರಗೆ ಹೋಗಲೇಬೇಕು. ಹೋದರೆ ಹತ್ತೇ ಜನ.

ಅವಳು ಮಂಡಿಯೂರಿ, ಉಸಿರು ಎಳೆದುಕೊಳ್ಳುತ್ತಾ ಹೇಳಿದಳು: "ಅಪ್ಪ, ಡೋಂಟ್ ಲುಕ್ ಅಟ್ ಮಿ. ಬಾಲ್ ನೋಡು."

ಚೆಂಡನ್ನೇ ನೋಡಿದೆ. ಸರಪಳಿ ಬಿಗಿಯಾಗುವಷ್ಟೇ ಎಳೆದೆ, ಅದಕ್ಕಿಂತ ಹೆಚ್ಚಿಲ್ಲ. ಚೆಂಡಿನ ಮೂತಿ ಕೋಲಿಗಿಂತ ಒಂದು ಮುಷ್ಟಿ ಹಿಂದಿತ್ತು. ತಲೆ ಎತ್ತಿದಾಗ ಮಗಳು ಎದ್ದು ನಿಂತು, ಟ್ರೈನರ್‌ಗೆ ಬೇಡ ಎಂದು ಕೈಯಾಡಿಸುತ್ತಿದ್ದಳು.

ಚೆಂಡು ನಮ್ಮದಾಯಿತು. ಪಂದ್ಯ ನಮ್ಮದಾಗಲಿಲ್ಲ. ಕೊನೆಯ ಸೀಟಿ ಊದಿದಾಗ ಮೈದಾನದಲ್ಲಿ ನಮ್ಮವರು ಹನ್ನೊಂದು ಜನ ನಿಂತಿದ್ದರು. ತಂಡ ಮುಚ್ಚಲು ಕಾಲೇಜು ಈಗ ಬೇರೆ ನೆಪ ಹುಡುಕಬೇಕು.

ಕೋಲು ಮಲಗಿಸಿದೆ. ಕಿತ್ತಳೆ ಅಂಗಿ ಕಳಚಿ, ಮಡಚಿ, ರೆಫರಿಯ ಕೈಗೆ ಕೊಟ್ಟೆ. ಆಮೇಲೆ ಬೇಲಿಯಾಚೆಯ ಆ ಗಂಡಸಿನ ಕಡೆ ತಿರುಗಿ, ಎದೆಯಲ್ಲಿದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದೆ: "ಹನ್ನೊಂದು!"

ಅವನು ಕಕ್ಕಾಬಿಕ್ಕಿಯಾಗಿ ನೋಡಿದ. ಅವನ ಪಕ್ಕದಲ್ಲೇ ನಿಂತಿದ್ದ ನನ್ನ ಹೆಂಡತಿ ಕಣ್ಣೊರೆಸಿಕೊಂಡಳು.

"ಇನ್ನೊಮ್ಮೆ ಹೇಳಿ ಮಾರಾಯ್ರೆ," ಎಂದಳು. "ಹಿಂದೆ ಕೂತವರಿಗೆ ಕೇಳಲಿಲ್ಲ."

ಇನ್ನೊಮ್ಮೆ ಹೇಳಿದೆ.