ರೀಟಕ್ಕನ ಹೆಸರಿಗೆ ಬಂದ ಪಾರ್ಸೆಲ್

ಆ ಪಾರ್ಸೆಲ್ ನನ್ನದು. ಈಸ್ಟರಿಗೆ ಮುಂಚಿನ ತಪಸ್ಸು ಕಾಲದ ಒಂದು ಶುಕ್ರವಾರ, ಶಿಲುಬೆ ಹಾದಿಯ ಪ್ರಾರ್ಥನೆ ಮುಗಿಸಿ ನಾವೆಲ್ಲ ಚರ್ಚಿನ ಗೇಟಿನ ಹತ್ತಿರ ನಿಂತಿದ್ದಾಗ ರೀಟಕ್ಕನ ಹೆಸರು ಕೂಗಿ ಕೊಟ್ಟರಲ್ಲ — ಅದನ್ನು ತರಿಸಿದವಳು ನಾನು. ರೀಟಕ್ಕನಿಗೆ ಅದರ ಗಂಧಗಾಳಿಯೂ ಇರಲಿಲ್ಲ. ಇಷ್ಟು ಹೇಳುವುದಕ್ಕೆ ನನಗೆ ಇಷ್ಟು ವರ್ಷ ಬೇಕಾಯಿತು.

ನನ್ನ ಹೆಸರು ಸ್ಟೆಲ್ಲಾ. ಸುಂಟಿಕೊಪ್ಪದಲ್ಲಿ ಚರ್ಚಿನಿಂದ ಸ್ವಲ್ಪ ಕೆಳಗೆ ನಮ್ಮ ಮನೆ. ಗಂಡ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್, ಬೆಳಿಗ್ಗೆ ಹೋದರೆ ಬರುವುದು ಸಂಜೆಗೆ. ಮಗಳು ಶಾಲೆಗೆ ಹೋದ ಮೇಲೆ, ಅತ್ತೆ ಊಟ ಮಾಡಿ ಮಲಗಿದ ಮೇಲೆ, ಪಾತ್ರೆ ತೊಳೆದು ಕೈ ಒರೆಸಿಕೊಂಡು ನಾನು ಫೋನ್ ಹಿಡಿದು ಕೂರುತ್ತಿದ್ದೆ. ಕುಕ್ಕರಿನ ರಬ್ಬರ್ ನೋಡಲು ಹೋದವಳು ನೈಟಿ, ಬೆಡ್‌ಶೀಟ್, ಕ್ರಿಸ್ಮಸ್ ನಕ್ಷತ್ರ, ಮಸಾಲೆ ಡಬ್ಬಿಗಳ ಸೆಟ್ಟು — ಎಲ್ಲ ನೋಡಿ, ರಬ್ಬರನ್ನೇ ಮರೆತು ಎದ್ದು ಬರುತ್ತಿದ್ದೆ. ತರಿಸಿದ ಸಾಮಾನಿಗಿಂತ ಅದನ್ನು ಕಾಯುವುದರಲ್ಲೇ ನನಗೆ ಸುಖ. ಬಂದ ಮೇಲೆ ಬಿಚ್ಚಿ ನೋಡಿದರೆ — ಓ, ಇಷ್ಟೇನಾ ಅನ್ನಿಸುತ್ತಿತ್ತು.

ನಾನೊಬ್ಬಳೇ ಅಲ್ಲ. ಭಾನುವಾರ ಪೂಜೆ ಮುಗಿದು ಹೊರಗೆ ಬಂದರೆ ನಮ್ಮ ಸ್ತ್ರೀ ಸಂಘದ ಹೆಂಗಸರ ಮಾತೆಲ್ಲ ಅದೇ. ಫಾದರ್ ಏನು ಪ್ರಸಂಗ ಮಾಡಿದರು ಎಂದು ಕೇಳಿದರೆ ಒಬ್ಬರೂ ಹೇಳುತ್ತಿರಲಿಲ್ಲ. ಯಾವುದಕ್ಕೆ ಎಷ್ಟು ರಿಯಾಯಿತಿ ಎಂದು ಕೇಳಿದರೆ ಹತ್ತು ಬಾಯಿ. ಫೋನಿನಲ್ಲಿ ಇದೆಲ್ಲ ಗೊತ್ತಾಗದವರಿಗೆ ನಾನೇ ತರಿಸಿ ಕೊಡುತ್ತಿದ್ದೆ. ರೀಟಕ್ಕ ಅವರಲ್ಲಿ ಒಬ್ಬರು. ಪಕ್ಕದ ಓಣಿಯ ಮನೆ, ಗಂಡ ಜೋಸೆಫಣ್ಣನಿಗೆ ವರ್ಕ್‌ಶಾಪಿನಲ್ಲಿ ಕೆಲಸ. ಅವರು ತರಿಸುತ್ತಿದ್ದದ್ದು ವರ್ಷಕ್ಕೆ ಒಂದೋ ಎರಡೋ, ಅದೂ ಮೊಮ್ಮಗುವಿಗೆ. ಅವರ ಹೆಸರು, ಅವರ ವಿಳಾಸ, ನನ್ನ ನಂಬರ್ — ಹಾಗೆ ನನ್ನ ಫೋನಿನಲ್ಲಿ ಉಳಿದುಕೊಂಡಿತ್ತು.

ಆ ವರ್ಷ ತಪಸ್ಸು ಶುರುವಾಗುವ ವಿಭೂತಿ ಬುಧವಾರದ ದಿನ ಸಂಘದಲ್ಲಿ ಮಾತು ಬಂತು, ಈ ಸಲದ ತಪಸ್ಸಿಗೆ ಏನು ಬಿಡುವುದು? ಮೀನು ಮಾಂಸ ಬಿಡುವುದು ಹೇಗೂ ಇದ್ದದ್ದೇ. ನಾನು ಎದ್ದು ನಿಂತು ಹೇಳಿದೆ — ಹೌದು, ನಾನೇ — ಈಸ್ಟರ್‌ವರೆಗೆ ಫೋನಿನಲ್ಲಿ ಏನನ್ನೂ ತರಿಸಬಾರದು ಎಂದು ವ್ರತ ಮಾಡೋಣ ಎಂದು. ಮೊದಲು ನಕ್ಕರು, ಆಮೇಲೆ ಒಪ್ಪಿದರು. ಫಾದರ್ ಮುಂದಿನ ಭಾನುವಾರ ಪ್ರಸಂಗದಲ್ಲಿ ನಮ್ಮನ್ನು ಹೊಗಳಿದರು. ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಅದೇ ಭಾನುವಾರ ಇನ್ನೊಂದು ವಿಷಯ ಓದಿದರು. ಈಸ್ಟರಿನ ಹಿಂದಿನ ಪವಿತ್ರ ಗುರುವಾರ, ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದ ನೆನಪಿಗೆ, ಫಾದರ್ ಹನ್ನೆರಡು ಜನರ ಪಾದ ತೊಳೆಯುತ್ತಾರೆ. ನಮ್ಮಲ್ಲಿ ಅಲ್ಲಿಯವರೆಗೆ ಗಂಡಸರೇ ಕೂರುತ್ತಿದ್ದರು. ಆ ವರ್ಷ ಮೊದಲ ಸಲ ಹೆಂಗಸರನ್ನೂ ಸೇರಿಸಿದರು, ಅದರಲ್ಲಿ ರೀಟಕ್ಕನ ಹೆಸರಿತ್ತು. ಚರ್ಚು ಗುಡಿಸುವುದು, ಹಾಸಿಗೆ ಹಿಡಿದವರ ಮನೆಗೆ ಗಂಜಿ ಒಯ್ಯುವುದು, ಯಾರೂ ಹೇಳದೆ ಮಾಡುತ್ತಿದ್ದವರು ಅವರು. ಆ ದಿನದಿಂದ ಒಡೆದ ಹಿಮ್ಮಡಿಗೆ ದಿನಾ ತೆಂಗಿನೆಣ್ಣೆ ತಿಕ್ಕಲು ಶುರು ಮಾಡಿದರು. "ಫಾದರ್ ಮುಟ್ಟೋ ಕಾಲು, ಹೀಗಿದ್ರೆ ನಾಚಿಕೆ ಅಲ್ವಾ ಮಾರಾಯ್ತಿ" ಎಂದು ನಮ್ಮ ಜಗಲಿಯಲ್ಲಿ ಕೂತು ನಕ್ಕಿದ್ದರು.

ನನಗೆ ಪರದೆ ಬೇಕಾಗಿತ್ತು. ಎದುರು ಕೋಣೆಯ ಒಂದು ಕಿಟಕಿಗೆ ತಿಳಿಹಸಿರು ಪರದೆ ಮೊದಲೇ ತರಿಸಿ ಹಾಕಿದ್ದೆ, ಇನ್ನೊಂದು ಕಿಟಕಿ ಖಾಲಿ. ಈಸ್ಟರಿಗೆ ನಾದಿನಿ ಮನೆಯವರು ಬರುವವರಿದ್ದರು. ಫೋನಿನಲ್ಲಿ ಸುಮ್ಮನೆ ನೋಡಿದೆ — ಸುಮ್ಮನೆ ನೋಡಿದರೆ ವ್ರತ ಮುರಿಯುವುದಿಲ್ಲವಲ್ಲ — ಕೆಲವೇ ಉಳಿದಿವೆ ಎಂದು ಕೆಂಪಕ್ಷರದಲ್ಲಿ ಬರೆದಿತ್ತು. ಬೆರಳು ಒತ್ತಿಬಿಟ್ಟಿತು ಎಂದು ಬರೆಯಬಹುದಿತ್ತು. ಬೆರಳಿನ ಮೇಲೆ ಯಾಕೆ ಹಾಕಲಿ? ನಾನು ಒತ್ತಿದೆ. ಅತ್ತೆ ಜಗಲಿಯಲ್ಲೇ ಕೂತು, ಬಂದ ಪೊಟ್ಟಣದ ಮೇಲಿನ ಹೆಸರನ್ನು ಅಕ್ಷರ ಅಕ್ಷರ ಓದುವವರು. ನನ್ನ ಹೆಸರು ಕಂಡರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತು. ಅದಕ್ಕೆ ರೀಟಕ್ಕನ ಹೆಸರು ಹಾಕಿದೆ. ಫೋನ್ ನನಗೇ ಬರುತ್ತದೆ, ರಸ್ತೆಗೇ ಹೋಗಿ ತಂದರಾಯಿತು. ಅಕಸ್ಮಾತ್ ಅತ್ತೆಯ ಕಣ್ಣಿಗೆ ಬಿದ್ದರೆ ರೀಟಕ್ಕನದ್ದು ಎಂದರಾಯಿತು. ಇದನ್ನು ನಾನು ಯೋಚಿಸಿಯೇ ಮಾಡಿದ್ದು. ಹೆಸರು ಕೆಡುವುದಿದ್ದರೆ ಅವರದ್ದು ಕೆಡಲಿ ಎಂದು ಮೊದಲೇ — ಹೌದು, ಮೊದಲೇ.

ಶುಕ್ರವಾರ ಪ್ರಾರ್ಥನೆಗೆಂದು ಫೋನಿನ ಸದ್ದು ನಿಲ್ಲಿಸಿ ಪರ್ಸಿನಲ್ಲಿಟ್ಟಿದ್ದೆ. ಪಾರ್ಸೆಲ್ ತಂದವನಿಗೆ ನಮ್ಮೆಲ್ಲರ ಪರಿಚಯ, ಆ ಹೊತ್ತಿಗೆ ನಾವು ಎಲ್ಲಿರುತ್ತೇವೆ ಎಂದೂ ಗೊತ್ತು. ಗೇಟಿನಲ್ಲಿ ಬೈಕ್ ನಿಲ್ಲಿಸಿಕೊಂಡು ಕಾದಿದ್ದ. ನಾವು ಹೊರಗೆ ಬಂದದ್ದೇ ಕೂಗಿದ: "ರೀಟಾ ಜೋಸೆಫ್."

ಎಲ್ಲರೂ ತಿರುಗಿದರು. ರೀಟಕ್ಕನ ತಲೆಯ ಮೇಲೆ ಇನ್ನೂ ಸೆರಗಿತ್ತು.

"ನಾನೆಂತದೂ ತರಿಸ್ಲಿಲ್ಲಲ್ಲ" ಎಂದರು.

"ನಿಮ್ದೇ ಹೆಸರು ಮೇಡಂ. ದುಡ್ಡು ಕೂಡ ಕಟ್ಟಿ ಆಗಿದೆ."

ಸಂಘದ ಅಧ್ಯಕ್ಷೆ ಸಿಸಿಲಿಯಮ್ಮ ಯಾರಿಗೋ ಹೇಳಿದ ಹಾಗೆ ಹೇಳಿದರು, "ವ್ರತ ಬಾಯಲ್ಲಿ ಮಾಡಿದ್ರೆ ಸಾಕಾ?" ಪಾರ್ಸೆಲ್ ಮೇಲೆ ನನ್ನ ನಂಬರ್ ಇತ್ತು. ಆದರೆ ರೀಟಕ್ಕನ ಸಾಮಾನಿನ ಮೇಲೆ ನನ್ನ ನಂಬರ್ ಇರುವುದು ಎಲ್ಲರಿಗೂ ಗೊತ್ತಿದ್ದದ್ದೇ, ಅದರಿಂದ ಯಾರಿಗೂ ಏನೂ ಅನ್ನಿಸಲಿಲ್ಲ. ರೀಟಕ್ಕ ನನ್ನ ಕಡೆ ನೋಡಿದರು. ಸಿಟ್ಟಿನಿಂದ ಅಲ್ಲ — ನಾನಿದ್ದೇನೆ, ನಾನು ಹೇಳಿಬಿಡುತ್ತೇನೆ ಎಂಬ ಧೈರ್ಯದಿಂದ.

"ಸ್ಟೆಲ್ಲಾ, ನೀನೇ ಹೇಳು. ನಾನು ನಿನ್ಹತ್ರ ಎಂತಾದ್ರೂ ತರಿಸೋಕೆ ಹೇಳಿದ್ನಾ?"

ನಾನು ಹೇಳಿದೆ, "ನಂಗೆ ನೆನಪಿಲ್ಲ ರೀಟಕ್ಕ."

ಅಷ್ಟೇ. ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಸುಳ್ಳು ಹೇಳಲಿಲ್ಲ ಎಂದು ಆಮೇಲೆ ಎಷ್ಟೋ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ, ನೋಡಿ, ನನ್ನಂಥವಳೂ ಇರುತ್ತಾಳೆ. ರೀಟಕ್ಕ ಪಾರ್ಸೆಲ್ ತೆಗೆದುಕೊಂಡರು, ಇಳಿಜಾರಿನಲ್ಲಿ ನಡೆದು ಹೋದರು.

ಎರಡು ದಿನ ಬಿಟ್ಟು ಅವರೇ ಫಾದರ್ ಹತ್ತಿರ ಹೋಗಿ ಗುರುವಾರಕ್ಕೆ ತಮ್ಮ ಹೆಸರು ಬೇಡ ಎಂದರಂತೆ. ಯಾಕೆ ಎಂದು ಹೇಳಲಿಲ್ಲವಂತೆ. ಹೇಳಲು ನೂರು ಬಾಯಿ ಇದ್ದವು. ಆ ಜಾಗಕ್ಕೆ ಇನ್ನೊಬ್ಬ ಹೆಂಗಸು ಬೇಕಲ್ಲ — ಸಿಸಿಲಿಯಮ್ಮ ನನ್ನ ಹೆಸರು ಹೇಳಿದರು. ವ್ರತದ ಮಾತು ತೆಗೆದವಳು ಸ್ಟೆಲ್ಲಾ ಅಲ್ಲವಾ ಎಂದು.

ನಾನು ಬೇಡ ಎನ್ನಬಹುದಿತ್ತು. ಬೇಡ ಎಂದರೆ ಯಾಕೆ ಎನ್ನುತ್ತಾರೆ. ಅತ್ತೆ ತಮ್ಮ ರೇಷ್ಮೆ ಸೀರೆ ತೆಗೆದು ಕೊಟ್ಟರು. ಆ ದಿನ ಪೀಠದ ಮುಂದಿನ ಬೆಂಚಿನಲ್ಲಿ ಎಲ್ಲರೂ ಮನೆಯಲ್ಲೇ ಉಜ್ಜಿ ಉಜ್ಜಿ ತೊಳೆದ ಕಾಲಿಟ್ಟುಕೊಂಡು ಕೂತಿದ್ದೆವು, ಕೊಳೆ ಇದ್ದರೆ ತಾನೇ ಫಾದರ್‌ಗೆ ಕೆಲಸ. ಅವರು ಸೊಂಟಕ್ಕೆ ಟವೆಲ್ ಕಟ್ಟಿಕೊಂಡು ಒಬ್ಬೊಬ್ಬರ ಮುಂದೆ ಮಂಡಿಯೂರುತ್ತ ಬಂದರು. ನನ್ನ ಬಲಗಾಲಿನ ಮೇಲೆ ನೀರು ಬಿತ್ತು. ತಣ್ಣಗಿತ್ತು. ಒರೆಸಿ, ಬಗ್ಗಿ, ಪಾದಕ್ಕೆ ಮುತ್ತಿಟ್ಟರು. ನಾನು ಅಳಲಿಲ್ಲ. ನನ್ನ ಹಿಂದೆ ಕೂತವರು ನನಗೆ ಅಳು ಬಂದಿದೆ ಎಂದುಕೊಂಡು ಕರವಸ್ತ್ರ ಕೊಟ್ಟರು, ಅದನ್ನೂ ತೆಗೆದುಕೊಂಡೆ.

ಈಸ್ಟರ್ ಕಳೆದು ರೀಟಕ್ಕನ ಮನೆಗೆ ಹೋದೆ. ಅಡುಗೆಮನೆಯ ಬಾಗಿಲಿಗೆ ಆ ತಿಳಿಹಸಿರು ಪರದೆ ಹಾಕಿತ್ತು. ತರಿಸಿದ್ದಾಯ್ತಲ್ಲ, ಇನ್ನು ಹಾಕು ಎಂದು ಜೋಸೆಫಣ್ಣ ರೇಗಿದ್ದರಂತೆ. ನಮ್ಮ ಕಿಟಕಿಯಲ್ಲಿ ಅದರ ಜೋಡಿಯನ್ನು ರೀಟಕ್ಕ ಎಷ್ಟು ಸಲ ಮುಟ್ಟಿ ನೋಡಿದ್ದರೋ. ಕಾಫಿ ಕೊಟ್ಟು, ನನ್ನನ್ನೇ ನೋಡುತ್ತ ಕೇಳಿದರು, "ಬಣ್ಣ ಒಳ್ಳೇದುಂಟಲ್ವಾ ಸ್ಟೆಲ್ಲಾ?"

"ಒಳ್ಳೇದುಂಟು" ಎಂದೆ. ಕಾಫಿ ಕುಡಿದು ಎದ್ದು ಬಂದೆ.

ಪಾಪನಿವೇದನೆ ಮಾಡಿದ್ದೇನೆ, ಮಾಡಿಲ್ಲ ಎಂದಲ್ಲ. ನಮ್ಮ ಫಾದರ್‌ಗೆ ನನ್ನ ದನಿ ಗೊತ್ತು ಎಂದು ಬಸ್ಸು ಹತ್ತಿ ವಿರಾಜಪೇಟೆಗೆ ಹೋಗಿ, ಗುರುತಿಲ್ಲದ ಗುರುಗಳ ಕಿವಿಗೆ ಹೇಳಿ ಬಂದೆ. ಅದೂ ಹೇಗೆ? "ಒಬ್ಬರ ವಿಷಯದಲ್ಲಿ ಸತ್ಯ ಮುಚ್ಚಿಟ್ಟೆ" ಎಂದು. ಜಪಮಾಲೆ ಹೇಳು ಎಂದರು, ಹೇಳಿದೆ. ಗೇಟಿನಲ್ಲಿ ಹತ್ತು ಜನರೆದುರು ಮಾಡಿದ್ದನ್ನು ಯಾರೂ ಕೇಳದ ಕಡೆ ಹೋಗಿ ತೊಳೆದುಕೊಂಡು ಬಂದೆ. ರೀಟಕ್ಕ ಆಮೇಲೆ ಸಂಘಕ್ಕೆ ಬರಲಿಲ್ಲ. ಬೆಳಗಿನ ಮೊದಲ ಪೂಜೆಗೆ ಬಂದು, ಬಾಗಿಲ ಹತ್ತಿರ ಕೂತು, ಮುಗಿಯುವ ಮೊದಲೇ ಎದ್ದು ಹೋಗುತ್ತಾರೆ.

ಈ ವರ್ಷ ತಪಸ್ಸು ಶುರುವಾದ ವಾರ ನನ್ನ ಮಗಳು ಅಡುಗೆಮನೆಯಲ್ಲಿ ಚಾಕೊಲೇಟ್ ಬಾಯಿಗೆ ಹಾಕಿಕೊಂಡು ನಕ್ಕಳು. "ಅಮ್ಮ, ನಂದು ರೀಟನ ವ್ರತ ಆಯ್ತು."

ಅದೇನು ಎಂದು ಕೇಳಿದೆ. ಮುರಿದ ವ್ರತಕ್ಕೆ ಹಾಗೆ ಹೇಳುವುದಂತೆ. ಚರ್ಚಿನಲ್ಲಿ ಕ್ಯಾಟಿಕಿಸಂ ಪಾಠಕ್ಕೆ ಬರುವ ಮಕ್ಕಳೆಲ್ಲ ಹಾಗೇ ಹೇಳುತ್ತಾರಂತೆ. ರೀಟಾ ಅಂದರೆ ಯಾರು ಎಂದು ಕೇಳಿದೆ. "ಗೊತ್ತಿಲ್ಲ, ಸುಮ್ನೆ ಒಂದು ಗಾದೆ" ಎಂದಳು. ಪಕ್ಕದ ಓಣಿಯ ರೀಟಕ್ಕ ಅವಳಿಗೆ ಯಾವಾಗಲೂ ಬರೀ ಆಂಟಿ. ಕೈಯಲ್ಲಿದ್ದ ಸೌಟು ಇಟ್ಟು ನಾನು ರೀಟಕ್ಕನ ಮನೆಗೆ ನಡೆದೆ.

ಹೇಳಿದೆ. ಎಲ್ಲವನ್ನೂ, ಅವರ ಹೆಸರು ಯಾಕೆ ಹಾಕಿದೆ ಎಂಬುದನ್ನೂ. ಅವರು ಬೀನ್ಸ್ ಮುರಿಯುತ್ತಿದ್ದರು, ನಿಲ್ಲಿಸಲಿಲ್ಲ.

"ಗೊತ್ತುಂಟು" ಎಂದರು. "ಬಿಚ್ಚಿದ ಕೂಡ್ಲೇ ಗೊತ್ತಾಯ್ತು. ನೀನು ಬಂದು ಹೇಳ್ತಿ ಅಂತ ಕಾದೆ. ಆ ಈಸ್ಟರಿಗೆ ಕಾದೆ, ಮುಂದಿನ ಈಸ್ಟರಿಗೂ ಕಾದೆ. ಆಮೇಲೆ ಬಿಟ್ಟೆ."

ಕ್ಷಮಿಸಿ ಎಂದೆ. ಮುರಿದ ಬೀನ್ಸ್ ಪಾತ್ರೆಗೆ ಹಾಕುತ್ತ ಹೇಳಿದರು, "ಗೊತ್ತಿರೋಳಿಗೇ ಬಂದು ಹೇಳಿದ್ಯಲ್ಲ ಸ್ಟೆಲ್ಲಾ. ಗೊತ್ತಿಲ್ಲದವ್ರಿಗೆ ಹೇಳು."

ಅದಕ್ಕೇ ಇದನ್ನು ಬರೆದದ್ದು. ಬರೆದರೆ ಸಾಲದು ಎಂದೂ ಗೊತ್ತು, ಓದದವರೇ ಹೆಚ್ಚು. ಈ ಶುಕ್ರವಾರ ಪ್ರಾರ್ಥನೆ ಮುಗಿದ ಮೇಲೆ ಅದೇ ಗೇಟಿನ ಹತ್ತಿರ, ಸಿಸಿಲಿಯಮ್ಮ ಮತ್ತು ಉಳಿದವರೆಲ್ಲ ಇರುವಾಗ, ಮಕ್ಕಳೂ ಇರುವಾಗ, ಬಾಯಿಬಿಟ್ಟು ಹೇಳುತ್ತೇನೆ. ನೀವೂ ಜೊತೆಗೆ ಬನ್ನಿ ಎಂದು ರೀಟಕ್ಕನನ್ನು ಕರೆದೆ.

"ನಾನೆಂತಕ್ಕೆ ಬರ್ಲಿ?" ಎಂದರು. "ಆ ಪಾರ್ಸೆಲ್ ನಂದಲ್ವಲ್ಲ."

ಅದೂ ಸರಿ. ನಾನೊಬ್ಬಳೇ ಹೋಗಬೇಕು.